ಜಗಳೂರಿಗೆ ಹೋದ ಫುಟ್‌ವಾಲ್‌ಗಳು

ಹೊನ್ನಾಳಿಗೆ ಬಂದ ಮೊದಲ ದಿನ, ಅಂಗಡಿಯ ಬಾಗಿಲು ತೆಗೆದು ಕಾಲು ಗಂಟೆಯೂ ಆಗಿರಲಿಲ್ಲ. ಮೊಣಕಾಲಿನವರೆಗೆ ಕೆಸರು ಮೆತ್ತಿಕೊಂಡ ರೈತನೊಬ್ಬ ಬಂದು ಕೌಂಟರಿನ ಮೇಲೆ ಕೈ ಊರಿ ನಿಂತ.

“ಗದ್ದಿ ನೀರು ಹೊರಗೆ ಹಾಕಾಕೆ ಒಂದು ಮೋಟ್ರು ಬೇಕಾಗಿತ್ತು.”

“ಒಳಗೆ ತರಾಕಾ?” ಅಂದೆ.

“ಒಳಗೆ ಬೇಕಾದಷ್ಟೈತೆ. ಹೊರಗೆ ಹಾಕಾಕೆ.”

ನಾನು ಅವನ ಮುಖ ನೋಡಿದೆ. ತಮಾಷೆ ಮಾಡುವ ಮುಖವಾಗಿರಲಿಲ್ಲ. ಹೊಲಕ್ಕೆ ನೀರು ತರುವವರನ್ನು ಹುಟ್ಟಿದಾಗಿನಿಂದ ನೋಡಿದ್ದೆ. ಬಂದ ನೀರನ್ನು ದುಡ್ಡು ಕೊಟ್ಟು ಆಚೆಗೆ ತಳ್ಳುವವನನ್ನು ಕಂಡದ್ದು ಅದೇ ಮೊದಲು. ನಮ್ಮ ಸೊಕ್ಕೆಯಲ್ಲಿ ಬೋರಿನ ಬಾಯಲ್ಲಿ ಎರಡಿಂಚು ನೀರು ಕಂಡರೆ ಪಕ್ಕದ ಹೊಲದವರೂ ಕೆಲಸ ಬಿಟ್ಟು ನೋಡಲು ಬರುತ್ತಾರೆ.

“ಹೊರಗೆ ಅಂದ್ರೆ ಎಲ್ಲಿಗ್ರಿ?”

“ಎಲ್ಲಿಗಾದ್ರೂ ಹೋಗ್ಲಿ. ಪಕ್ಕದ ಗದ್ದಿಗೆ ಮಾತ್ರ ಬ್ಯಾಡ, ಅವನೂ ಬಡ್ಕಂತಾನೆ. ಯಾವೂರಪ್ಪ ನೀನು?”

“ಜಗಳೂರು ಕಡೆ. ಸೊಕ್ಕೆ.”

“ಅದಕ್ಕೆ,” ಅಂದ. ಡಾಕ್ಟರು ರೋಗದ ಹೆಸರು ಹೇಳಿದ ಹಾಗಿತ್ತು.

ವಿದೇಶಕ್ಕೆ ಹೋದವರು ಹಿಮ, ವಿಮಾನ ಅಂತ ಬರೆಯುತ್ತಾರೆ. ನಾನು ಬಂದದ್ದು ಅರ್ಧ ದಿನದ ದಾರಿ. ಬೆಳಗ್ಗೆ ಸೊಕ್ಕೆಯಲ್ಲಿ ಬಸ್ಸು ಹತ್ತಿದರೆ ಜಗಳೂರು, ದಾವಣಗೆರೆ ದಾಟಿ ಊಟದ ಹೊತ್ತಿಗೆ ಹೊನ್ನಾಳಿ. ಒಂದೇ ಜಿಲ್ಲೆ, ಒಂದೇ ಭಾಷೆ. ಆದರೂ ಇಲ್ಲಿ ಮೊದಲ ಆರು ತಿಂಗಳು ನಾನು ಮಾಡಿದ್ದನ್ನು ಪರದೇಶದಲ್ಲಿದ್ದವನೂ ಮಾಡಿರಲಾರ. ಅದನ್ನು ನಮ್ಮ ಕಡೆಯವರಿಗೆ ಹೇಳಿಬಿಡಬೇಕು ಅಂತ ಇದನ್ನು ಬರೆಯುತ್ತಿದ್ದೇನೆ. ನನ್ನ ತಂಗಿ ಗಿರಿಜಾ ಇದನ್ನು ಎಲ್ಲಿಯೂ ಹೇಳಿಲ್ಲ. ಅವಳು ಹೇಳುವವಳಲ್ಲ, ಆದ್ದರಿಂದ ನಾನೇ ಹೇಳಬೇಕು.

ನಾನು, ತಿಪ್ಪೇಸ್ವಾಮಿ, ಓದಿದ್ದು ಏಳನೇ ತರಗತಿ. ಭಿನ್ನರಾಶಿ ಬಂದಾಗ ನಾನು ಶಾಲೆಯಿಂದ ಹೊರಬಂದೆ. ಗಿರಿಜಾ ಪಿಯುಸಿ ಮುಗಿಸಿ ಜಗಳೂರಿನ ಪಂಪ್‌ಸೆಟ್ ಅಂಗಡಿಯಲ್ಲಿ ಕೆಲಸಕ್ಕೆ ಸೇರಿದಳು. ಅದು ನಾಲ್ಕು ಅಂಗಡಿಗಳ ಕಂಪನಿ. ದೊಡ್ಡದು ಚನ್ನಗಿರಿಯಲ್ಲಿ, ಉಳಿದವು ಹೊನ್ನಾಳಿ, ನ್ಯಾಮತಿ, ಜಗಳೂರುಗಳಲ್ಲಿ. ನಾಲ್ಕಕ್ಕೂ ಒಬ್ಬರೇ ಯಜಮಾನರು, ಅವರು ಇರುವುದು ಚನ್ನಗಿರಿಯಲ್ಲಿ. ಎರಡೇ ವರ್ಷದಲ್ಲಿ ಗಿರಿಜಾ ಜಗಳೂರು ಅಂಗಡಿಯ ಇನ್‌ಚಾರ್ಜ್ ಆದಳು. ನಾಲ್ಕು ಊರಿನಲ್ಲಿ ಅಂಗಡಿಯ ಬೀಗದ ಕೈ ಸೊಂಟಕ್ಕೆ ಸಿಕ್ಕಿಸಿಕೊಂಡು ಓಡಾಡುವ ಹೆಂಗಸು ಅವಳೊಬ್ಬಳೇ. ಹೊನ್ನಾಳಿಯ ಗೋಡೌನಿಗೆ ಜನ ಬೇಕು ಅಂತ ಯಜಮಾನರು ಅಂದಾಗ ಅವಳೇ ನನ್ನ ಹೆಸರು ಹೇಳಿದಳು. “ನಮ್ಮಣ್ಣ ಓದಿಲ್ಲ. ಆದ್ರೆ ಸುಳ್ಳು ಹೇಳಲ್ಲ ರೀ,” ಅಂದಳಂತೆ. ಈ ಮಾತನ್ನು ನೆನಪಿಟ್ಟುಕೊಳ್ಳಿ.

ಹೊನ್ನಾಳಿಯಲ್ಲಿ ನನಗೆ ರೂಮು ಸಿಕ್ಕಿದ್ದು ಕಾಲುವೆಯ ಬದಿಯಲ್ಲಿ. ಗಾಳಿ ಬೆಳಕು ಚೆನ್ನಾಗಿದೆ ಅಂತ ಮನೆಯ ಅಮ್ಮ ಹೇಳಿದರು, ಸೊಳ್ಳೆಯ ವಿಷಯ ಹೇಳಲಿಲ್ಲ. ನಮ್ಮ ಕಡೆ ಸೊಳ್ಳೆ ಅಂದರೆ ಒಂದೊಂದು ಬರುತ್ತದೆ, ಕಚ್ಚುತ್ತದೆ, ಹೋಗುತ್ತದೆ. ಇಲ್ಲಿ ಅವು ಸಂಸಾರ ಸಮೇತ ಬಂದು ಉಳಿಯುತ್ತವೆ. ಊಟ ಅಂದರೆ ಅನ್ನ. ಬೆಳಗ್ಗೆ ಚಿತ್ರಾನ್ನ, ಮಧ್ಯಾಹ್ನ ಅನ್ನ, ಸಂಜೆ ಉಳಿದ ಅನ್ನ. ಮುದ್ದೆ ತಿಂದ ಹೊಟ್ಟೆಗೆ ಅನ್ನ ಎಷ್ಟು ಹಾಕಿದರೂ ನೆಲ ಸಿಗುವುದಿಲ್ಲ, ಸಂಜೆ ನಾಲ್ಕಕ್ಕೆ ಮತ್ತೆ ಹಸಿವು. ಸೊಕ್ಕೆಯಲ್ಲಿ ಮಳೆ ಬಂದರೆ ಹೊರಗೆ ಓಡುತ್ತೇವೆ, ಇಲ್ಲಿಯವರು ಒಳಗೆ ಓಡುತ್ತಾರೆ. ಮೊದಲ ಮಳೆಗೆ ನಾನು ಅಂಗಡಿಯ ಮುಂದೆ ರಸ್ತೆಗೆ ಹೋಗಿ ನಿಂತೆ. ಯಾರೂ ಬರಲಿಲ್ಲ. ಎದುರಿನ ಹೋಟೆಲಿನವರು ಒಳಗಿನಿಂದಲೇ “ಏನಾರ ಕಳ್ಕಂಡ್ರಾ?” ಅಂತ ಕೇಳಿದರು.

ಅಂಗಡಿಯ ಮಾಲೂ ಹೊಸದು. ನಮ್ಮ ಜಗಳೂರಿನಲ್ಲಿ ಬೋರಿನೊಳಗೆ ಇಳಿಬಿಡುವ ಮೋಟರ್ ಬಿಟ್ಟರೆ ಬೇರೆ ಕೇಳುವವರಿಲ್ಲ. ಅದು ನೀರಿನಲ್ಲೇ ಮುಳುಗಿ ಕೂತಿರುತ್ತದೆ. ಇಲ್ಲಿ ಹೊಳೆ ದಂಡೆಯ ಮೇಲೆ ಮೋಟರ್ ಇಟ್ಟು, ಪೈಪಿನ ತುದಿಯನ್ನು ಹೊಳೆಗೆ ಬಿಡುತ್ತಾರೆ. ಆ ತುದಿಗೆ ಒಂದು ಕಬ್ಬಿಣದ ಜರಡಿ ಬುಟ್ಟಿಯಂಥದ್ದು ಬೇಕು. ಒಳಗೆ ಒಂದು ಮುಚ್ಚಳ. ನೀರು ಮೇಲೆ ಹೋಗುವಾಗ ತೆರೆಯುತ್ತದೆ, ಮೋಟರ್ ನಿಂತಾಗ ಮುಚ್ಚಿಕೊಂಡು, ಹೋದ ನೀರು ಹಿಂದಕ್ಕೆ ಬೀಳದಂತೆ ತಡೆಯುತ್ತದೆ. ಅದಕ್ಕೆ ಫುಟ್‌ವಾಲ್ ಅನ್ನುತ್ತಾರೆ. ಬೋರಿನ ಮೋಟರಿಗೆ ಅದು ಬೇಕಿಲ್ಲ, ಆದ್ದರಿಂದ ಸೊಕ್ಕೆಯಲ್ಲಿ ಮೂವತ್ತು ವರ್ಷ ಬದುಕಿದರೂ ಅದನ್ನು ನಾನು ಕಂಡಿರಲಿಲ್ಲ. ಮೊದಲ ವಾರ ಒಬ್ಬರು ಫುಟ್‌ವಾಲ್ ಕೇಳಿದಾಗ ಕಾಲಿಗೆ ಹಾಕುವಂಥದ್ದು ಇರಬೇಕು ಅಂತ ಗಂಬೂಟಿನ ಡಬ್ಬ ಇಳಿಸಿದ್ದೆ.

ಇದನ್ನೆಲ್ಲ ಕಲಿಸಿದವರು ಬಾಷಣ್ಣ. ಅಂಗಡಿಯ ಜಗಲಿಯಲ್ಲಿ ಕೂತು ಸುಟ್ಟ ಮೋಟರುಗಳಿಗೆ ತಾಮ್ರದ ತಂತಿ ಸುತ್ತುವ ಮೆಕ್ಯಾನಿಕ್. ನಮ್ಮ ಕಂಪನಿಯ ನೌಕರರಲ್ಲ, ಆದರೆ ಅವರಿಲ್ಲದೆ ಕಂಪನಿ ಇಲ್ಲ. ಗೋಡೌನಿನ ಎಡಗೋಡೆಗೆ ಸಾಲಾಗಿ ಹೊಡೆದ ಮೊಳೆಗಳನ್ನು ತೋರಿಸಿದವರೂ ಅವರೇ. ಒಂದೊಂದು ಮೊಳೆಗೂ ಒಂದೊಂದು ಹಳೇ ಫುಟ್‌ವಾಲ್ ನೇತಾಡುತ್ತಿತ್ತು, ಅದಕ್ಕೆ ಬಟ್ಟೆಯ ಚೂರೊಂದು ಕಟ್ಟಿತ್ತು.

“ಇವೇನ್ರಿ ಬಾಷಣ್ಣ, ಗುಜರಿನಾ?”

“ಗುಜರಿ ಅಂದ್ಯಾ? ತಿಪ್ಪೇಸಿ, ಇದು ನಮ್ಮ ಆಫೀಸು.”

ಹೊಳೆಸಾಲಿನ ರೈತರ ಹಳೇ ಫುಟ್‌ವಾಲ್ ಸವೆದು ಹೋಗಿರುತ್ತದೆ, ಅಳತೆ ಸರಿಯಾಗಿ ಗೊತ್ತಾಗುವುದಿಲ್ಲ. ಆದ್ದರಿಂದ ಎರಡು ಮೂರು ಅಳತೆಯ ಹೊಸವನ್ನು ‘ನೋಡಾಕೆ’ ಒಯ್ಯುತ್ತಾರೆ. ದಂಡೆಯಲ್ಲಿ ಕೂರಿಸಿ ನೋಡಿ, ಕೂತದ್ದನ್ನು ಇಟ್ಟುಕೊಂಡು ಉಳಿದವನ್ನು ತಂದುಕೊಡುತ್ತಾರೆ. ಒಯ್ಯುವಾಗ ಹಳೆಯದನ್ನು ಬಿಟ್ಟು ಹೋಗಬೇಕು, ಅದಕ್ಕೆ ತಮ್ಮ ಟವೆಲ್ಲಿನ ಅಂಚು ಹರಿದು ಗಂಟು ಹಾಕಬೇಕು. ಎರಡು ಒಯ್ದರೆ ಎರಡು ಗಂಟು, ಮೂರು ಒಯ್ದರೆ ಮೂರು. ವಾಪಸ್ ತಂದಾಗ ಗಂಟು ಬಿಚ್ಚುತ್ತಾರೆ. ನಾಟಿಯ ದಿನಗಳಲ್ಲಿ ಇದು ಮೂರು ದಿನವಾಗಬಹುದು, ಮೂರು ವಾರವೂ ಆಗಬಹುದು. ಬಾಷಣ್ಣ ಹಳೇ ಫುಟ್‌ವಾಲ್ ನೋಡಿಯೇ ಯಾರದೆಂದು ಹೇಳುತ್ತಿದ್ದರು. “ಇದು ಚನ್ನಬಸಣ್ಣಂದು. ಅವಂದು ಯಾವಾಗ್ಲೂ ಎಡಗಡೆಗೇ ಸೀಳ್ತೈತೆ. ಮನಷ್ಯಾನೂ ಹಂಗೇ, ಎಡಕ್ಕೇ ವಾಲ್ತಾನೆ.”

ನಾನು ಸೇರಿದ ಮೂರನೆಯ ತಿಂಗಳಿಗೆ ‘ಸಿಸ್ಟಮ್’ ಬಂತು.

ನಾಲ್ಕು ಅಂಗಡಿಗೂ ಒಂದೇ ಸಾಫ್ಟ್‌ವೇರ್. ಯಾವ ಊರಿನಲ್ಲಿ ಯಾವ ಮಾಲು ಎಷ್ಟಿದೆ, ಎಲ್ಲಿಂದ ಎಲ್ಲಿಗೆ ಹೋಗಬೇಕು, ಯಾವುದನ್ನು ತರಿಸಬೇಕು ಅಂತ ಅದೇ ಹೇಳುತ್ತದೆ. ದಾವಣಗೆರೆಯಿಂದ ಬಂದ ಕಂಪ್ಯೂಟರ್ ಕಂಪನಿಯ ಮೇಡಂ ಚನ್ನಗಿರಿಯಲ್ಲಿ ಎರಡು ದಿನ ಪಾಠ ಮಾಡಿದರು. “ಇದು ನಾಲ್ಕು ಶಾಖೆಗೂ ಒಂದೇ ಮೆದುಳು,” ಅಂದರು. ಬಾಷಣ್ಣನಿಗೆ ಹೇಳಿದಾಗ ಅವರು, “ಹಂಗಾರೆ ಉಳಿದ ಮೂರು ಮಂದಿದು ಏನ್ ಮಾಡಿದ್ರು?” ಅಂದರು.

ಗಿರಿಜಾ ಎರಡೇ ಗಂಟೆಯಲ್ಲಿ ಕಲಿತಳು. ನನಗೆ ಮೌಸ್ ಅನ್ನುವ ಆ ಇಲಿಯನ್ನು ಹಿಡಿಯಲು ಎರಡು ದಿನ ಬೇಕಾಯಿತು. ನಾನು ಅದನ್ನು ಮೇಜಿನ ತುದಿಯವರೆಗೆ ಓಡಿಸಿ, ಮುಂದೆ ಜಾಗವಿಲ್ಲದೆ ನಿಲ್ಲುತ್ತಿದ್ದೆ. ಗಿರಿಜಾ ಕೈ ಹಿಡಿದು ಎತ್ತಿ ಮತ್ತೆ ಈಚೆಗೆ ಇಡುತ್ತಿದ್ದಳು. ಚಿಕ್ಕವಳಿದ್ದಾಗ ಅವಳ ಕೈ ಹಿಡಿದು ಅಕ್ಷರ ತಿದ್ದಿಸಿದವನು ನಾನು.

ಸಿಸ್ಟಮ್ಮಿನಲ್ಲಿ ನನಗೆ ಮೊದಲ ದಿನವೇ ಹಿಡಿಸಿದ್ದು ಒಂದೇ. ಪರದೆಯ ಬಲಗಡೆ ನಾಲ್ಕು ಅಂಗಡಿಯವರ ಹೆಸರಿರುತ್ತದೆ. ಯಾರು ತೆರೆದು ಕೂತಿದ್ದಾರೋ ಅವರ ಹೆಸರಿನ ಮುಂದೆ ಹಸಿರು ಚುಕ್ಕೆ. ಬೆಳಗ್ಗೆ ಒಂಬತ್ತೂವರೆಗೆ ‘ಗಿರಿಜಾ, ಜಗಳೂರು’ ಅನ್ನುವಲ್ಲಿ ಚುಕ್ಕೆ ಹತ್ತುತ್ತಿತ್ತು. ಸೊಕ್ಕೆಯ ಬಸ್ಸು ಸಿಕ್ಕಿದೆ, ಅವ್ವ ಚೆನ್ನಾಗಿದ್ದಾಳೆ, ಬೀಗ ತೆಗೆದಿದೆ, ಕಸ ಗುಡಿಸಿಯಾಗಿದೆ. ಅಷ್ಟೂ ಆ ಚುಕ್ಕೆಯಲ್ಲಿ ನನಗೆ ಕಾಣುತ್ತಿತ್ತು. ಅದು ಹತ್ತಿದ ಮೇಲೆ ನಾನು ಟೀ ಕುಡಿಯುತ್ತಿದ್ದೆ. ಗೊತ್ತಿಲ್ಲದ ಊರಿನಲ್ಲಿ ಟೀ ಒಬ್ಬನೇ ಕುಡಿದ ಹಾಗಿರುತ್ತಿರಲಿಲ್ಲ.

ಹಿಡಿಸದ್ದು ಶನಿವಾರ. ಶನಿವಾರ ಸಂಜೆ ಗೋಡೌನಿನ ಮಾಲು ಎಣಿಸಿ ಪರದೆಗೆ ಹಾಕಬೇಕು. ಪರದೆಯ ಸಂಖ್ಯೆಗೂ ನನ್ನ ಎಣಿಕೆಗೂ ಹೊಂದದಿದ್ದರೆ ಆ ಸಾಲು ಕೆಂಪಾಗುತ್ತದೆ. ಕೆಂಪಾದ ಐದು ನಿಮಿಷಕ್ಕೆ ಯಜಮಾನರ ಫೋನು. ಮೊದಲ ಶನಿವಾರವೇ ಫುಟ್‌ವಾಲ್ ಆರು ಕಡಿಮೆ. ಆರೂ ಹೊಳೆ ದಂಡೆಯಲ್ಲಿವೆ ಅಂತ ನನಗೂ ಗೊತ್ತು, ಮೊಳೆಗೂ ಗೊತ್ತು. ಮೇಡಂಗೆ ಫೋನು ಮಾಡಿದೆ.

“ಮೇಡಂ, ನೋಡಾಕೆ ಒಯ್ದಿದ್ದನ್ನ ಎಲ್ಲಿ ಹಾಕ್ಬೇಕ್ರಿ?”

“ಮಾರಾಟ ಆಯ್ತಾ?”

“ಇಲ್ರಿ.”

“ವಾಪಸ್ ಬಂತಾ?”

“ಇಲ್ರಿ.”

“ಹಾಗಾದ್ರೆ ಮಾಲು ಎಲ್ಲಿದೆ?”

“ಮೊಳೆ ಮ್ಯಾಲೈತ್ರಿ. ಅಂದ್ರೆ ಮೊಳೆ ಮ್ಯಾಲೆ ಹಳೇದೈತ್ರಿ, ಹೊಸದು ಹೊಳೆ ದಂಡ್ಯಾಗೈತ್ರಿ.”

“ಆ ಆಯ್ಕೆ ಇಲ್ಲ,” ಅಂದರು ಮೇಡಂ.

ಇದ್ದ ಆಯ್ಕೆಗಳನ್ನು ಒಂದೊಂದಾಗಿ ಒತ್ತಿ ನೋಡಿದೆ. ‘ವರ್ಗಾವಣೆ’ ಅಂತ ಒಂದಿತ್ತು. ಮಾಲನ್ನು ಬೇರೆ ಶಾಖೆಗೆ ಕಳಿಸುವುದು. ಆರು ಫುಟ್‌ವಾಲನ್ನು ಪರದೆಯ ಮೇಲೆ ಚನ್ನಗಿರಿಗೆ ಕಳಿಸಿದೆ. “ಮಾಲು ಎಲ್ಲಿ?” ಅಂತ ಅಲ್ಲಿಯ ಗೋಡೌನಿನಿಂದ ಫೋನು ಬಂತು. ರದ್ದು ಮಾಡಿ ನ್ಯಾಮತಿಗೆ ಕಳಿಸಿದೆ. ಅವರು ಫೋನೂ ಮಾಡದೆ ತಿರಸ್ಕರಿಸಿದರು. ಉಳಿದದ್ದು ಜಗಳೂರು. ಗಿರಿಜಾ ಫೋನು ಮಾಡಿದಳು.

“ಅಣ್ಣ, ಆರು ಫುಟ್‌ವಾಲ್ ಬರ್ತಾವೆ ಅಂತ ತೋರಿಸ್ತೈತೆ. ನಮಗ್ಯಾಕೆ ಫುಟ್‌ವಾಲು?”

“ಬಂದಾವೆ ಅಂತ ಒತ್ತಿಬಿಡವ್ವ. ಗಾಡ್ಯಾಗೆ ಬರ್ತಾವೆ.”

“ಬಂದ ಮ್ಯಾಲೆ ಒತ್ತಿದ್ರೆ ಆಗಲ್ವಾ?”

“ಅಷ್ಟೊತ್ತಿಗೆ ನಂದು ಕೆಂಪಾಗ್ತೈತೆ, ಯಜಮಾನ್ರು ಬೈತಾರೆ.”

“ಆತು ಬಿಡು,” ಅಂತ ಒತ್ತಿದಳು. ನನ್ನ ಸಾಲು ಹಸಿರಾಯಿತು. ಅಷ್ಟು ಒಳ್ಳೆಯ ಹಸಿರನ್ನು ನಾನು ಹೊನ್ನಾಳಿಯ ಗದ್ದೆಗಳಲ್ಲೂ ಕಂಡಿರಲಿಲ್ಲ.

ಮುಂದಿನ ಶನಿವಾರ ನಾಲ್ಕು, ಅದರ ಮುಂದಿನದು ಏಳು. ಅಷ್ಟರಲ್ಲಿ ರೈತರು ಮೊದಲಿನವನ್ನು ತಂದು ಕೊಡತೊಡಗಿದರು. ಅವು ನನ್ನ ಗೋಡೌನಿನಲ್ಲಿ ಇರುವಂತಿಲ್ಲ, ಏಕೆಂದರೆ ಪರದೆಯ ಪ್ರಕಾರ ಅವು ಜಗಳೂರಿನಲ್ಲಿವೆ. ಹಾಗಾಗಿ ಪೈಪಿನ ಕಟ್ಟುಗಳ ಹಿಂದೆ ಒಂದು ಮರದ ಪೆಟ್ಟಿಗೆಯಲ್ಲಿ ಹಾಕಿಟ್ಟೆ. ರೈತರು ಇಟ್ಟುಕೊಂಡದ್ದಕ್ಕೆ ಬಿಲ್ಲು ಹಾಕಿದಾಗ, ಅದರ ಬದಲು ಗೋಡೌನಿನದೊಂದನ್ನು ತೆಗೆದು ಆ ಪೆಟ್ಟಿಗೆಗೇ ಹಾಕುತ್ತಿದ್ದೆ. ಪೆಟ್ಟಿಗೆ ತೆಗೆದು ಎಣಿಸಿ ಹೊಂದಿಸಬಹುದಿತ್ತು, ಆದರೆ ಒತ್ತುವುದು ಅದಕ್ಕಿಂತ ಸುಲಭ. ಗಿರಿಜಾ ಪ್ರತಿ ವಾರ ಕೇಳುತ್ತಿದ್ದಳು, ನಾನು “ಗಾಡಿ ತುಂಬಿತ್ತು, ಮುಂದಿನ್ ವಾರ” ಅನ್ನುತ್ತಿದ್ದೆ. ಅವಳೂ ಶನಿವಾರ ಎಣಿಸಬೇಕಲ್ಲ. ಅಣ್ಣ ಬರುತ್ತವೆ ಅಂದಿದ್ದಾನೆ ಅಂತ ನನ್ನ ಮಾತನ್ನೇ ಮಾಲು ಅಂತ ಎಣಿಸಿ ಹಾಕುತ್ತಿದ್ದಳು.

ಮೂರು ತಿಂಗಳು ಹೊನ್ನಾಳಿಯಲ್ಲಿ ಒಂದು ಕೆಂಪು ಸಾಲಿಲ್ಲ. ಯಜಮಾನರು ಚನ್ನಗಿರಿಯಿಂದ ಫೋನು ಮಾಡಿ, “ಏನಪ್ಪಾ ತಿಪ್ಪೇಸ್ವಾಮಿ, ಓದಿದವ್ರಿಗೆ ಬರದಿದ್ದು ನಿಂಗೆ ಬಂತಲ್ಲ,” ಅಂದರು. ಅವತ್ತು ನಾನು ಹೋಟೆಲಿನಲ್ಲಿ ಎರಡನೇ ಪ್ಲೇಟ್ ಮಿರ್ಚಿ ಹೇಳಿದೆ. ಪರಊರಿನಲ್ಲಿ ಒಬ್ಬರು ಹೊಗಳಿದರೆ ಮನುಷ್ಯ ಎಷ್ಟು ಬೇಗ ಆ ಊರಿನವನಾಗುತ್ತಾನೆ ಅಂತ ನನಗೆ ಅವತ್ತು ತಿಳಿಯಿತು. ಸೊಳ್ಳೆಗಳೂ ಕಡಿಮೆ ಅನ್ನಿಸಿದವು.

ಆಮೇಲೆ ಮೇಡಂ ಒಂದು ಫಾರಂ ತಂದರು. ಸಿಸ್ಟಮ್ಮಿನಿಂದ ವ್ಯಾಪಾರಕ್ಕೆ ಏನೇನು ಲಾಭವಾಗಿದೆ ಅಂತ ಅದನ್ನು ಬಳಸುವವರೇ ಹೇಳಬೇಕಂತೆ. ಕೆಲಸ ಬೇಗ ಆಗುತ್ತಿದೆಯೇ, ತಪ್ಪು ಕಡಿಮೆಯಾಗಿದೆಯೇ, ಶಾಖೆಗಳ ನಡುವೆ ಹೊಂದಾಣಿಕೆ ಹೆಚ್ಚಿದೆಯೇ, ನಿರ್ಧಾರ ತೆಗೆದುಕೊಳ್ಳಲು ಸಹಾಯವಾಗಿದೆಯೇ. ಒಂದೊಂದಕ್ಕೂ ಒಂದರಿಂದ ಐದರವರೆಗೆ ಗುರುತು ಹಾಕಬೇಕು.

ಲಾಭ ಒಬ್ಬೊಬ್ಬರಿಗೆ ಒಂದೊಂದು ಕಡೆ ಕಂಡಿತ್ತು. ಮೊದಲು ಯಜಮಾನರು ಮೋಟರ್ ಸೈಕಲ್ಲಿನಲ್ಲಿ ನಾಲ್ಕು ಊರು ತಿರುಗುತ್ತಿದ್ದರು, ಈಗ ಮಂಚದ ಮೇಲೆ ಮಲಗಿ ಮೊಬೈಲಿನಲ್ಲಿ ನಾಲ್ಕು ಅಂಗಡಿ ನೋಡುತ್ತಾರೆ. ಅವರಿಗೆ ಬೆನ್ನುನೋವು ಹೋಗಿತ್ತು. ನ್ಯಾಮತಿಯವರಿಗೆ ಯಜಮಾನರು ಬರುವುದು ತಪ್ಪಿತ್ತು. ಬಾಷಣ್ಣನೂ ಫಾರಂ ಬೇಕು ಅಂದರು. ನೀವು ಬಳಸುವವರಲ್ಲವಲ್ಲ ಅಂದರೆ, “ಯಾಕೆ? ಕಂಪ್ಯೂಟ್ರಿಗೆ ಅಂತ ಬ್ಯಾಟ್ರಿ ಹಾಕ್ಸಿದ್ರಲ್ಲ, ಕರೆಂಟು ಹೋದ್ರೂ ನನ್ನ ಫ್ಯಾನು ತಿರುಗ್ತೈತೆ. ಐದಕ್ಕೆ ಐದು ಬರ್ಕ,” ಅಂದರು. ನಾನೂ ಎಲ್ಲದಕ್ಕೂ ಐದು ಹಾಕಿದೆ. ಶಾಖೆಗಳ ನಡುವಿನ ಹೊಂದಾಣಿಕೆ ಅನ್ನುವಲ್ಲಿ ಐದರ ಸುತ್ತ ಎರಡು ಸಲ ಸುತ್ತು ಹಾಕಿದೆ.

ಸಂಜೆ ಗಿರಿಜಾಗೆ ಫೋನು ಮಾಡಿ ಎಷ್ಟು ಹಾಕಿದೆ ಅಂತ ಕೇಳಿದೆ.

“ಎರಡು.”

“ಎರಡಾ? ಯಾಕವ್ವ?”

“ಕಂಡಿದ್ದು ಎರಡೇ. ಅದಕ್ಕೆ ಎರಡು,” ಅಂದಳು. “ನಿನ್ನ ಫುಟ್‌ವಾಲ್ ಯಾವಾಗ ಬರ್ತಾವೆ?”

ಹದಿನೈದು ದಿನದ ಮೇಲೆ ಯಜಮಾನರ ಫೋನು. ದನಿ ತುಂಬ ಖುಷಿಯಲ್ಲಿತ್ತು. ಪ್ರತಿ ವಾರ ಹೊನ್ನಾಳಿಯಿಂದ ಜಗಳೂರಿಗೆ ಫುಟ್‌ವಾಲ್ ಹೋಗುವುದನ್ನು ಸಿಸ್ಟಮ್ ಗಮನಿಸಿದೆಯಂತೆ. ಜಗಳೂರಿನಲ್ಲಿ ಅದಕ್ಕೆ ಬೇಡಿಕೆ ಏರುತ್ತಿದೆ, ಹೊನ್ನಾಳಿಯ ಸುತ್ತು ತಪ್ಪಿಸಿ ನೇರ ಜಗಳೂರಿಗೇ ತರಿಸಿರಿ ಅಂತ ಅದೇ ಸಲಹೆ ಕೊಟ್ಟಿದೆಯಂತೆ. “ನಮ್ಮ ತಲೆಗೆ ಹೊಳೀತಿತ್ತೇನೋ ಇದು? ಮುನ್ನೂರು ಹೇಳೀನಿ. ನಾಡಿದ್ದು ಇಳಿತಾವೆ.”

ಆ ಕ್ಷಣದಲ್ಲಿ ಬಾಯಿ ಬಿಟ್ಟಿದ್ದರೆ ಇಷ್ಟು ಬರೆಯಬೇಕಾಗಿರಲಿಲ್ಲ. “ಒಳ್ಳೇದಾತು ರೀ,” ಅಂದೆ. ಆಮೇಲೆ ಪೆಟ್ಟಿಗೆ ತೆಗೆದು ಎಣಿಸಿದೆ. ಮೂವತ್ತೆಂಟು. ನಾಟಿ ಮುಗಿದಿತ್ತು, ದಂಡೆಯಲ್ಲಿ ಒಂದೂ ಉಳಿದಿರಲಿಲ್ಲ. ಪರದೆಯಲ್ಲಿ ಜಗಳೂರಿಗೆ ಹೋದದ್ದೂ ಅಷ್ಟೇ. ಇವನ್ನು ನಿಜವಾಗಿ ಜಗಳೂರಿಗೆ ಮುಟ್ಟಿಸಿಬಿಟ್ಟರೆ ನಾನು ಹೇಳಿದ ಸುಳ್ಳು ಸುಳ್ಳಾಗಿ ಉಳಿಯುವುದಿಲ್ಲ ಅಂತ ಲೆಕ್ಕ ಹಾಕಿ, ಎರಡು ಗೋಣಿಚೀಲಕ್ಕೆ ತುಂಬಿದೆ. ಬಾಷಣ್ಣ ನೋಡಿ, “ಊರಿಗೆ ಏನ್ ಒಯ್ತೀಯ, ಅಕ್ಕಿನಾ?” ಅಂದರು. ಹೌದು ಅಂದೆ. ಒಳಗಿದ್ದದ್ದು ಮೂವತ್ತೆಂಟು ಎರಕದ ಕಬ್ಬಿಣದ ಬುಟ್ಟಿಗಳು. ದಾವಣಗೆರೆಯಲ್ಲಿ ಬಸ್ಸು ಬದಲಿಸುವಾಗ ಒಂದು ಚೀಲ ಸ್ವಲ್ಪ ದೂರ ಒಯ್ದಿಟ್ಟು, ವಾಪಸ್ ಬಂದು ಇನ್ನೊಂದು ಚೀಲ ಎತ್ತಿ, ಹಾಗೇ ಸ್ಟ್ಯಾಂಡು ದಾಟಿದೆ. ಕಂಡಕ್ಟರ್ “ಇದೇನ್ ಅಕ್ಕಿನೋ ಕಲ್ಲೋ” ಅಂತ ಒದ್ದು ನೋಡಿ ಕಾಲು ಹಿಡಿದುಕೊಂಡ.

ಜಗಳೂರು ಅಂಗಡಿಯ ಮುಂದೆ ಇಳಿದಾಗ ಲಾರಿ ಆಗಲೇ ಮಾಲು ಇಳಿಸಿ ಹೋಗಿತ್ತು. ಕೌಂಟರಿನ ಮೇಲೆ, ಕೆಳಗೆ, ಬಾಗಿಲ ಬದಿಗೆ, ಎಲ್ಲ ಕಡೆ ಫುಟ್‌ವಾಲ್. ನಾಲ್ಕು ಜನ ರೈತರು ಒಂದನ್ನು ಕೈಯಲ್ಲಿ ಹಿಡಿದು ತಿರುಗಿಸಿ ನೋಡುತ್ತಿದ್ದರು.

“ಇದೇನ್ರವ್ವ, ಇಲಿ ಬೋನಾ?”

“ಕೋಳಿಮರಿ ಕವುಚಾಕೆ ಸಣ್ಣದಾತು.”

ಗಿರಿಜಾ ನಡುವೆ ನಿಂತಿದ್ದಳು. ನನ್ನನ್ನು ನೋಡಿ ಮುಖ ಅರಳಿತು. ಆಮೇಲೆ ಚೀಲ ನೋಡಿದಳು. ಒಂದರ ಬಾಯಿ ಬಿಚ್ಚಿ ಒಳಗೆ ಕೈ ಹಾಕಿ ಒಂದು ಫುಟ್‌ವಾಲ್ ತೆಗೆದಳು, ಅದನ್ನು ಕೌಂಟರಿನ ಮೇಲೆ ಉಳಿದವುಗಳ ಪಕ್ಕದಲ್ಲಿಟ್ಟಳು. ರೈತರು ಹೋದ ಮೇಲೆ ಕೇಳಿದಳು.

“ಮೂರು ತಿಂಗಳಿಂದ ಗಾಡಿ ತುಂಬಿತ್ತಾ, ಅಣ್ಣ?”

ನಾನು ಎಲ್ಲ ಹೇಳಿದೆ. ಮೊಳೆ, ಕೆಂಪು, ಪೆಟ್ಟಿಗೆ.

“ಯಜಮಾನ್ರು ಆಗ್ಲೇ ಫೋನ್ ಮಾಡಿದ್ರು,” ಅಂದಳು. “ಜಗಳೂರಾಗೆ ಹೊಳೆ ಇಲ್ಲ ಅಂತ ಅವರಿಗೆ ಇವತ್ತು ನೆಪ್ಪಾತು. ವಾರ ವಾರ ಫುಟ್‌ವಾಲ್ ತರಿಸ್ಕಂಡು ಏನ್ ಮಾಡ್ತಿದ್ದೆ ಅಂತ ಕೇಳಿದ್ರು. ಬುಧವಾರ ಚನ್ನಗಿರಿಗೆ ಬಾ ಅಂದಾರೆ.”

“ಈಗ ಲೆಕ್ಕ ಸರಿ ಐತಲ್ಲ. ಮೂವತ್ತೆಂಟೂ ತಂದೀನಿ.”

“ಅಣ್ಣ, ಕಡಿಮೆ ಬಿದ್ದಿದ್ರೆ ತಪ್ಪು ಎಲ್ಲಿಂದು ಅಂತ ಹುಡುಕ್ತಿದ್ರು. ಈಗ ಎಲ್ಲಾ ಸರಿ ಐತೆ. ನಾನೇ ತರಿಸ್ಕಂಡಂಗಾತು.” ಅವಳು ಚೀಲದ ಬಾಯಿ ಮತ್ತೆ ಕಟ್ಟಿದಳು. “ನಿನ್ನ ಹೆಸ್ರು ನಾನು ಹೇಳಲ್ಲ. ನೀನೇ ಹೇಳ್ತೀಯಲ್ಲ?”

“ಹೇಳ್ತೀನವ್ವ,” ಅಂದೆ.

ಬುಧವಾರ ನಾಲ್ಕೂ ಅಂಗಡಿಯವರು ಚನ್ನಗಿರಿಯ ಅಂಗಡಿಯ ಮಹಡಿಯಲ್ಲಿ ಸೇರಿದೆವು. ಮೊದಲು ಸಿಸ್ಟಮ್ಮನ್ನು ಚೆನ್ನಾಗಿ ಬಳಸಿದವರಿಗೆ ಸನ್ಮಾನ ಇತ್ತು. ನನ್ನ ಹೆಸರು ಕರೆದರು. ಶಾಲು ಹೊದಿಸಿ, ಹಾರ ಹಾಕಿ, ಮೇಡಂ ಮೊಬೈಲಿನಲ್ಲಿ ಫೋಟೋ ತೆಗೆದರು. ಆಮೇಲೆ ಎಲ್ಲರಿಗೂ ಮಂಡಕ್ಕಿ ಮಿರ್ಚಿ. ತಿನ್ನುತ್ತಿರುವಾಗಲೇ ಯಜಮಾನರು ಗಿರಿಜಾಳ ಕಡೆ ತಿರುಗಿದರು.

“ಗಿರಿಜಮ್ಮ, ಬಂದಾವೆ ಅಂತ ಒತ್ತಿದ್ದು ನೀನೇನಾ?”

“ಹೌದ್ರಿ.”

“ಜಗಳೂರಾಗೆ ಫುಟ್‌ವಾಲ್ ಯಾರು ತಗಂತಾರೆ?”

“ಯಾರೂ ತಗಳ್ಳಲ್ರಿ.”

“ಮತ್ಯಾಕೆ ಒತ್ತಿದೆ?”

ಅವಳು ನೆಲ ನೋಡುತ್ತಾ ನಿಂತಳು. ಯಜಮಾನರು ಎಲ್ಲರನ್ನೂ ನೋಡಿ, “ಯಾರಾದ್ರೂ ಏನಾದ್ರೂ ಹೇಳದೈತಾ?” ಅಂದರು. ನನ್ನ ಬಾಯಲ್ಲಿ ಇಡೀ ಮಿರ್ಚಿ ಇತ್ತು. ಅದು ಬಿಸಿ ಇತ್ತು, ನುಂಗಲು ಹೊತ್ತಾಯಿತು ಅಂತ ಮನಸ್ಸಿಗೆ ಎಷ್ಟೋ ಸಲ ಹೇಳಿಕೊಂಡಿದ್ದೇನೆ. ಬಾಯಿ ಖಾಲಿ ಇದ್ದಿದ್ದರೂ ನಾನು ಹೇಳುತ್ತಿರಲಿಲ್ಲ. ಹೆಗಲ ಮೇಲೆ ಶಾಲಿತ್ತು.

“ಬೀಗದ ಕೈ ಇಲ್ಲಿಡು. ನಾನು ಹೇಳೋವರ್ಗೂ ಮನ್ಯಾಗಿರು,” ಅಂದರು ಯಜಮಾನರು. ಅವಳು ಸೊಂಟದಿಂದ ಬೀಗದ ಕೈ ತೆಗೆದು ಮಂಡಕ್ಕಿಯ ತಟ್ಟೆಯ ಪಕ್ಕದಲ್ಲಿಟ್ಟಳು. ಬಸ್‌ಸ್ಟ್ಯಾಂಡಿನವರೆಗೆ ನಾನು ಅವಳ ಹಿಂದೆ ನಡೆದೆ. ದಾವಣಗೆರೆಯ ಬಸ್ಸು ಹತ್ತುವಾಗ ಅವಳು ಹೇಳಿದ್ದು ಒಂದೇ ಮಾತು: “ಹಾರ ತೆಗಿ ಅಣ್ಣ, ಎಲ್ರೂ ನೋಡ್ತಾರೆ.”

ಮರುದಿನ ಒಂಬತ್ತೂವರೆಗೆ ಪರದೆ ತೆರೆದೆ. ‘ಗಿರಿಜಾ, ಜಗಳೂರು.’ ಚುಕ್ಕೆ ಹತ್ತಲಿಲ್ಲ. ಹತ್ತಕ್ಕೂ ಹತ್ತಲಿಲ್ಲ. ಬಾಷಣ್ಣ ಟೀ ತರಿಸಿದರು, ಅದು ತಣ್ಣಗಾಯಿತು. ಎರಡನೆಯ ದಿನವೂ ಹಾಗೇ. ನಾಲ್ಕು ಊರಿನ ಮಾಲು ಆ ಪರದೆಯಲ್ಲಿತ್ತು, ಎಲ್ಲ ಸಾಲೂ ಹಸಿರಾಗಿತ್ತು. ಅದರಲ್ಲಿ ನನಗೆ ಬೇಕಾದದ್ದು ಒಂದೂ ಇರಲಿಲ್ಲ. ಮೂರನೆಯ ದಿನ ಬಾಷಣ್ಣ ತಂತಿ ಸುತ್ತುವುದನ್ನು ನಿಲ್ಲಿಸಿ ನನ್ನ ಮುಂದೆ ಬಂದು ನಿಂತರು.

“ಅವತ್ತು ಒಯ್ದಿದ್ದು ಅಕ್ಕಿ ಅಲ್ಲ.”

“ಅಲ್ರಿ.”

“ನಾನು ನಲವತ್ತು ವರ್ಷ ಕಬ್ಬಿಣ ಎತ್ತೀನಿ, ಚೀಲ ನೆಲಕ್ಕಿಟ್ಟ ಸದ್ದಿಗೇ ಗೊತ್ತಾತು. ಹೋಗು. ಅಂಗಡಿ ನಾನು ನೋಡ್ಕಂತೀನಿ.”

ಶಾಲನ್ನು ಮಡಿಸಿ ಕವರಿನಲ್ಲಿಟ್ಟುಕೊಂಡು ಚನ್ನಗಿರಿಗೆ ಹೋದೆ. ಮೇಡಂ ಅವತ್ತು ಅಲ್ಲಿಯೇ ಇದ್ದರು. ಶಾಲನ್ನು ಯಜಮಾನರ ಮುಂದಿಟ್ಟು, ಮೊಳೆಯಿಂದ ಶುರುಮಾಡಿ ಮಿರ್ಚಿಯವರೆಗೆ ಎಲ್ಲ ಹೇಳಿದೆ. ಅವರು ಸಿಟ್ಟಾಗಲಿಲ್ಲ. ಅದಕ್ಕಿಂತ ಕೆಟ್ಟದ್ದಾಗಿ, ಗಮನವಿಟ್ಟು ಕೇಳಿದರು.

“ನಿಮ್ಮದ್ರಾಗೆ ಮೊಳೆ ಎಲ್ಲೈತ್ರಿ ಮೇಡಂ?” ಅಂದರು ಕೊನೆಗೆ.

“ಅದನ್ನ ಯಾರೂ ನಮಗೆ ಹೇಳಿರಲಿಲ್ಲ ಸರ್.”

“ನಾನು ಫೋನ್ ಮಾಡಿದ್ದೆ,” ಅಂದೆ. ಮೇಡಂ ನನ್ನನ್ನು ನೋಡಿ, ನೆನಪಾಗಿ, ಕನ್ನಡಕ ಒರೆಸಿಕೊಂಡರು. ಯಜಮಾನರು ಬೀರುವಿನಿಂದ ಫಾರಂಗಳ ಕಟ್ಟು ತೆಗೆಸಿದರು. ದಾರ ಕಟ್ಟಿದ ಹಾಗೇ ಇತ್ತು. ಗಿರಿಜಾಳದ್ದನ್ನು ಹುಡುಕಿ, ಕೊನೆಯಲ್ಲಿ ಅವಳು ಕೈಯಲ್ಲಿ ಬರೆದಿದ್ದನ್ನು ಜೋರಾಗಿ ಓದಿದರು: “ರೈತರು ನೋಡಲು ಒಯ್ದ ಮಾಲಿಗೆ ಇದರಲ್ಲಿ ಜಾಗವಿಲ್ಲ. ಆದ್ದರಿಂದ ನಾವು ಸುಳ್ಳು ಬರೆಯಬೇಕಾಗುತ್ತದೆ. ಸುಳ್ಳು ಬರೆಯುವವರಿಗೆ ಕಷ್ಟವಾಗುತ್ತಿದೆ.”

ಜಗಳೂರಿನಲ್ಲೂ ನೋಡಲು ಒಯ್ಯುವವರಿದ್ದರು, ಮೋಟರ್ ಚಾಲೂ ಮಾಡುವ ಸ್ಟಾರ್ಟರನ್ನು. ಅದಕ್ಕೂ ಜಾಗವಿರಲಿಲ್ಲ. ಅವಳು ಮಾತ್ರ ಪ್ರತಿ ವಾರ ಕೆಂಪಾಗಿ, ಬೈಸಿಕೊಂಡು, ಸುಮ್ಮನಿದ್ದಳು. ಅದು ನನಗೆ ತಿಳಿದದ್ದು ಅವತ್ತು.

“ಇದನ್ನ ಯಾರೂ ಓದ್ಲಿಲ್ವಾ?” ಅಂದರು ಯಜಮಾನರು.

“ಸರಾಸರಿ ತೆಗೆದಿದ್ವಿ ಸರ್,” ಅಂದರು ಮೇಡಂ ಸಣ್ಣ ದನಿಯಲ್ಲಿ. “ನಾಲ್ಕೂಕಾಲು ಬಂದಿತ್ತು.”

“ಅದ್ರಾಗೆ ಬಾಷಾಂದು ಫ್ಯಾನೂ ಸೇರೈತೆ,” ಅಂದರು ಯಜಮಾನರು. ಆಮೇಲೆ ನನಗೆ, “ಆ ಶಾಲು ನನಗ್ಯಾಕೆ ಕೊಡ್ತೀಯ? ಬೀಗದ ಕೈ ತಗ, ಶಾಲೂ ತಗ. ಎರಡನ್ನೂ ನೀನೇ ಒಯ್ದು ಅವಳಿಗೆ ಕೊಡು. ಮುನ್ನೂರ ಮೂವತ್ತೆಂಟನ್ನೂ ನೀನೇ ವಾಪಸ್ ಹೊತ್ಕಂಡು ಬಾ.”

ಗಿರಿಜಾ ಬೀಗದ ಕೈ ತೆಗೆದುಕೊಂಡಳು. ಶಾಲನ್ನು ಧೂಳು ಬೀಳದಿರಲಿ ಅಂತ ಕಂಪ್ಯೂಟರಿಗೆ ಹೊದಿಸಿದಳು. ಸಂಜೆ ಬಾಗಿಲು ಹಾಕುವ ಹೊತ್ತಿಗೆ ಜಗಳೂರಿನ ಕಂಪ್ಯೂಟರ್ ಈಗಲೂ ಸನ್ಮಾನಿತರ ಹಾಗೆ ಕೂತಿರುತ್ತದೆ. ಮೇಡಂ ಹದಿನೈದು ದಿನದಲ್ಲಿ ಪಟ್ಟಿಗೆ ಐದನೆಯ ಜಾಗವೊಂದನ್ನು ಸೇರಿಸಿದರು. ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು, ಮೊಳೆ. ಬಾಷಣ್ಣ ಅದನ್ನು ನೋಡಲೆಂದೇ ಕೈ ತೊಳೆದುಕೊಂಡು ಒಳಗೆ ಬಂದರು, ಓದಿಸಿಕೊಂಡು ಹೋಗಿ ಮತ್ತೆ ತಂತಿ ಸುತ್ತಿದರು. ಗೋಡೆಯ ಮೊಳೆಗಳನ್ನು ಮಾತ್ರ ಕೀಳಲು ಬಿಟ್ಟಿಲ್ಲ.

ಚುಕ್ಕೆ ಮತ್ತೆ ಹತ್ತಿತು. ಆದರೆ ಎಲ್ಲವೂ ಮೊದಲಿನ ಹಾಗಾಯಿತು ಅಂತ ಬರೆದರೆ ಅದು ಇನ್ನೊಂದು ಸುಳ್ಳಾಗುತ್ತದೆ. ನಾನು ಜಗಳೂರಿಗೆ ಏನೇ ಕಳಿಸಿದರೂ, ನಿಜವಾದ ಮಾಲನ್ನೇ ಕಳಿಸಿದರೂ, ಗಾಡಿ ಹೋಗಿ, ಮಾಲು ಇಳಿದು, ಅವಳು ಒಂದೊಂದನ್ನೇ ಕೈಯಿಂದ ಮುಟ್ಟಿ ಎಣಿಸುವವರೆಗೆ ‘ಬಂದಿದೆ’ ಅಂತ ಒತ್ತುತ್ತಿರಲಿಲ್ಲ. ಫೋನಿನಲ್ಲಿ ಊಟ ಆಯಿತಾ ಅಂತ ಕೇಳುತ್ತಿದ್ದಳು, ಅವ್ವನ ಸುದ್ದಿ ಹೇಳುತ್ತಿದ್ದಳು. ಮಾಲಿನ ವಿಷಯಕ್ಕೆ ಬಂದರೆ, “ಕಣ್ಣಾಗೆ ನೋಡ್ತೀನಿ, ಆಮೇಲೆ ಒತ್ತುತೀನಿ,” ಅಷ್ಟೇ.

ಈಗ ಇಲ್ಲಿಗೆ ಬಂದು ಎರಡು ವರ್ಷ. ಹೊನ್ನಾಳಿಯವರು ನನ್ನನ್ನು ‘ಜಗಳೂರಣ್ಣ’ ಅನ್ನುತ್ತಾರೆ. ಹಬ್ಬಕ್ಕೆ ಸೊಕ್ಕೆಗೆ ಹೋದರೆ “ನಿಮ್ಮೂರಾಗೆ ಹೊಳೆ ತುಂಬಿತಾ?” ಅಂತ ಕೇಳುತ್ತಾರೆ. ಅವ್ವ ನನಗೆ ಮುದ್ದೆಯ ಜೊತೆಗೆ, ಬೇಕಾದೀತು ಅಂತ, ಅನ್ನವನ್ನೂ ಮಾಡಿರುತ್ತಾಳೆ, ನೆಂಟರಿಗೆ ಮಾಡುವ ಹಾಗೆ. ವಾಪಸ್ ತರುವಾಗ ಒಂದು ಫುಟ್‌ವಾಲ್ ಒಡೆದಿತ್ತು, ಅದು ನಮ್ಮ ಮನೆಯ ಬಾಗಿಲು ಗಾಳಿಗೆ ಹಾಕಿಕೊಳ್ಳದಂತೆ ತಡೆದು ಕೂತಿದೆ. ಸೊಕ್ಕೆಯಲ್ಲಿ ಕೆಲಸ ಸಿಕ್ಕಿದ ಫುಟ್‌ವಾಲ್ ಅದೊಂದೇ. ಮಳೆ ಬಂದಾಗ ನಾನೀಗ ಹೊನ್ನಾಳಿಯಲ್ಲಿ ಒಳಗೆ ಓಡುತ್ತೇನೆ. ಸೊಕ್ಕೆಯಲ್ಲೂ ಕಾಲು ಒಮ್ಮೆ ಒಳಗೆ ತಿರುಗುತ್ತದೆ, ಆಮೇಲೆ ನಾಚಿಕೊಂಡು ಹೊರಗೆ ಹೋಗುತ್ತೇನೆ.

ಕಳೆದ ತಿಂಗಳು ಮೇಡಂ ಮತ್ತೆ ಫಾರಂ ತಂದರು. ಈ ಸಲ ನಾನು ಮೂರು ಹಾಕಿದೆ. ನಿಮಗೆ ಕಂಡ ಮುಖ್ಯ ಲಾಭ ಅನ್ನುವ ಖಾಲಿ ಜಾಗದಲ್ಲಿ, “ಒಂಬತ್ತೂವರೆಗೆ ಹಸಿರು ಚುಕ್ಕೆ ಹತ್ತುತ್ತದೆ,” ಅಂತ ಬರೆದೆ. ಮೇಡಂ ಅದನ್ನು ನನ್ನ ಮುಂದೆಯೇ ಓದಿದರು. ಇದು ಯಾವ ಪ್ರಶ್ನೆಯ ಕೆಳಗೆ ಬರುತ್ತದೆ ಅಂತ ಕೇಳಿದರು. ಅದಕ್ಕೂ ಜಾಗ ಇರಲಿಲ್ಲ.

ಮೊನ್ನೆ ಜಗಳೂರಿಗೆ ಹನ್ನೆರಡು ಸುತ್ತು ಕೇಬಲ್ ಕಳಿಸಬೇಕಿತ್ತು. ಪರದೆಯ ಮೇಲೆ ವರ್ಗಾವಣೆ ಒತ್ತಿ, ಗಾಡಿಗೆ ಹೇರಿಸಲು ಎದ್ದೆ. ಬಾಗಿಲು ದಾಟುವ ಮೊದಲೇ ಹಿಂದೆ ಟಿಣ್ ಅಂದಿತು. ತಿರುಗಿ ನೋಡಿದರೆ ಸಾಲು ಹಸಿರಾಗಿದೆ. ಗಿರಿಜಾ ‘ಬಂದಿದೆ’ ಅಂತ ಒತ್ತಿದ್ದಾಳೆ. ಕೇಬಲ್ ನನ್ನ ಕಾಲ ಬಳಿಯೇ ಇತ್ತು.

ಫೋನು ಮಾಡಿದೆ.

“ಗಿರಿಜಾ, ಮಾಲು ಇನ್ನೂ ಇಲ್ಲೇ ಐತವ್ವ. ಬಂದ ಮ್ಯಾಲೆ ಒತ್ತಬೇಕು.”

“ಗೊತ್ತೈತೆ.”

“ಮತ್ತೆ?”

“ಏನಿಲ್ಲ, ಒತ್ತಿದೆ,” ಅಂದಳು. “ಹನ್ನೆರಡೂ ಬರ್ತಾವಲ್ಲ?”

“ಬರ್ತಾವೆ.”

“ಹಂಗಾರೆ ಫೋನಿಡು. ಮೊದ್ಲು ಗಾಡಿ ಹೇರಿಸು.”

ಹೇರುವವರಿಗೆ ಹೇಳದೆ ಹನ್ನೆರಡನ್ನೂ ನಾನೇ ಹೇರಿದೆ. ಗಾಡಿಯ ಹಿಂದಿನ ಬಾಗಿಲು ಹಾಕುವ ಮೊದಲು ಮತ್ತೊಮ್ಮೆ ಎಣಿಸಿದೆ, ಒಂದೊಂದನ್ನೇ ಕೈಯಿಂದ ಮುಟ್ಟಿ.